ಬಿಪಿ ಮಷೀನ್ ರಿವ್ಯೂ: ಅಪ್ಪ ಅಮ್ಮನಿಗೆ ಅಂತ ತಗೊಂಡಿದ್ದು, ಈಗ ಮನೆಮಂದಿಗೆಲ್ಲಾ ಬೇಕು

ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತಿದ್ರೆ ತಾನೇ ಗಾಳಿ ತುಂಬ್ಕೊಂಡು ಬಿಪಿ ತೋರಿಸೋ ಡಿಜಿಟಲ್ ಮಷೀನ್, ಇಬ್ಬರ ರೀಡಿಂಗ್ ಬೇರೆಬೇರೆ ಇಟ್ಕೊಳ್ಳುತ್ತೆ, ಬ್ಲೂಟೂತ್‌ನಲ್ಲಿ ಫೋನಿಗೂ ಕಳಿಸುತ್ತೆ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ್ದು ಬೇಕಾದಷ್ಟಿವೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲಕ್ಕೂ ಹೊಂದುತ್ತೆ. ವಯಸ್ಸಾದ ಅಪ್ಪ ಅಮ್ಮನ್ನ ನೋಡ್ಕೊಳ್ತಾ, ದುಡಿಯೋ ವಯಸ್ಸಿಗೆ ಬಂದಿದ್ರೂ ಇನ್ನೂ ಕಾಲ ಮೇಲೆ ನಿಲ್ಲದ ಮಕ್ಕಳಿಗೂ ಆಸರೆ ಆಗಿರೋ ನನ್ನ ವಯಸ್ಸಿನವರಿಗೋಸ್ಕರ ಬರೀತಿದ್ದೀನಿ.

ಮೊದಲು ಪಟ್ಟಿ ಬಗ್ಗೆ. ಎಲ್ಲರೂ ಮಷೀನ್ ನೋಡ್ತಾರೆ, ಪಟ್ಟಿ ಸೈಜ್ ಯಾರೂ ನೋಡಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ತೀರಾ ದೊಡ್ಡದಾದ್ರೆ ಕಮ್ಮಿ. ನಮ್ಮಪ್ಪನ ತೋಳು ಸೊರಗಿದೆ, ಅಮ್ಮಂದು ದಪ್ಪ, ಹಾಗಾಗಿ ಟೇಪ್ ಹಿಡಿದು ಇಬ್ಬರ ತೋಳಿನ ಸುತ್ತಳತೆ ತಗೊಂಡು, 22ರಿಂದ 42 ಸೆಂ.ಮೀ. ಸುತ್ತಳತೆಯ ತೋಳಿಗೆ ಆಗೋ ಪಟ್ಟಿ ಇರೋದನ್ನೇ ಆರಿಸ್ದೆ. ಮಣಿಕಟ್ಟಿಗೆ ಕಟ್ಟೋದು ನೋಡೋಕೆ ಸುಲಭ ಅನ್ಸುತ್ತೆ ಆದ್ರೆ ಅದರಲ್ಲಿ ಕೈ ಸರಿಯಾಗಿ ಎದೆ ಮಟ್ಟಕ್ಕೇ ಇರಬೇಕು, ಸ್ವಲ್ಪ ಮೇಲೆ ಕೆಳಗಾದ್ರೂ ನಂಬರ್ ಬದಲಾಗುತ್ತೆ, ಕೈ ನಡುಗೋ ವಯಸ್ಸಿನವರಿಗೆ ನಾನಂತೂ ಬೇಡ ಅಂತೀನಿ. ಇನ್ನೊಂದು, ಆ ಮಾಡೆಲ್‌ನ ಸರಿಯಾಗಿ ಪರೀಕ್ಷೆ ಮಾಡಿ ಪಾಸ್ ಮಾಡಿದಾರಾ ನೋಡಿ. ಆ ಪರೀಕ್ಷೆಗೆ ಐಎಸ್ಒ 81060-2 ಅನ್ನೋ ಸ್ಟ್ಯಾಂಡರ್ಡ್ ಇದೆ, ಸ್ಟ್ರೈಡ್ ಬಿಪಿ ವೆಬ್‌ಸೈಟಲ್ಲಿ ಪಾಸಾದ ಮಾಡೆಲ್‌ಗಳ ಲಿಸ್ಟೇ ಸಿಗುತ್ತೆ, ಅದರಲ್ಲಿ ಇಲ್ಲದ್ದನ್ನ ಕಮ್ಮಿ ರೇಟು ಅಂತ ತಗೋಬೇಡಿ.

ಬಳಸೋದು ಸುಲಭ, ಆದ್ರೆ ಕೂರೋ ರೀತಿ ಮುಖ್ಯ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು, ಬೆನ್ನಿಗೆ ಆಸರೆ ಕೊಟ್ಟು ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂತು, ತೋಳನ್ನ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇಟ್ಟು, ಮಾತಾಡದೇ ತಗೋಬೇಕು. ಈ ಮಾತಾಡದೇ ಇರೋದು ನಮ್ಮನೇಲಿ ಕಷ್ಟ, ಅಪ್ಪ ಪಟ್ಟಿ ಬಿಗಿಯಾಗ್ತಿದ್ದಂಗೆ ಎಷ್ಟಿದೆ ಎಷ್ಟಿದೆ ಅಂತ ಕೇಳೋಕೆ ಶುರು ಮಾಡ್ತಾರೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ತಗೊಂಡು ಎರಡನ್ನೂ ಬರೆದಿಡಿ. ಡಾಕ್ಟ್ರಿಗೆ ತೋರಿಸೋ ಮುಂಚೆ 7 ದಿನ ಬೆಳಗ್ಗೆ ಸಂಜೆ ಹೀಗೆ ತಗೊಂಡು, ಮೊದಲ ದಿನದ್ದು ಬಿಟ್ಟು ಉಳಿದಿದ್ದರ ಸರಾಸರಿ ತೆಗೆದ್ರೆ ನಿಜವಾದ ಚಿತ್ರ ಸಿಗುತ್ತೆ. ಕ್ಲಿನಿಕ್ಕಲ್ಲಿ 140/90 ದಾಟಿದ್ರೆ ಜಾಸ್ತಿ ಅಂತಾರಲ್ಲ, ಮನೇಲಿ ತಗೊಂಡ ಸರಾಸರಿಗೆ ಆ ಗೆರೆ 135/85. ಡಾಕ್ಟ್ರ ಮುಂದೆ ಕೂತಾಗ ಮಾತ್ರ ಏರೋ ಜನ ಇದಾರೆ, ಅಲ್ಲಿ ಸರಿಯಿದ್ದು ಮನೇಲಿ ಏರೋವ್ರೂ ಇದಾರೆ, ಮನೆ ಲೆಕ್ಕ ಇದ್ರೆ ಮಾತ್ರ ಅದು ಗೊತ್ತಾಗೋದು.

ನನಗೆ ಇದರಿಂದ ಆದ ದೊಡ್ಡ ಉಪಕಾರ ಅಮ್ಮನ ವಿಷಯದಲ್ಲಿ. ಹಾಸಿಗೆಯಿಂದ ಎದ್ದಾಗ ತಲೆ ತಿರುಗುತ್ತೆ ಅನ್ನೋದನ್ನ ಅವರು ಬಾಯಿಬಿಟ್ಟು ಹೇಳಿರಲೇ ಇಲ್ಲ, ನಿನಗೆ ಈಗಾಗ್ಲೇ ಮಗನ ಚಿಂತೆ ಇದೆ ನಂದೂ ಯಾಕೆ ಅಂತ ಸುಮ್ನಿದ್ರು. ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಂದು ಸಲ ತಗೊಂಡ್ವಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಬೀಳೋ ಅಪಾಯ ಇದೆ ಅಂತ ಅರ್ಥ, ಅಮ್ಮಂದು ಅದಕ್ಕಿಂತ ಜಾಸ್ತಿನೇ ಇಳೀತಿತ್ತು. ಆ ರೀಡಿಂಗ್ ಹಿಡ್ಕೊಂಡು ಹೋಗಿದ್ದಕ್ಕೆ ಡಾಕ್ಟ್ರು ಮಾತ್ರೆ ಬದಲಾಯಿಸಿದ್ರು. ದಯವಿಟ್ಟು ನಂಬರ್ ನೋಡಿ ನೀವೇ ಮಾತ್ರೆ ನಿಲ್ಲಿಸೋದು ಹೆಚ್ಚಿಸೋದು ಮಾಡಬೇಡಿ. ಮೇಲಿನದು 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲೋದು, ಕೈಕಾಲು ಬಲ ಕಳ್ಕೊಳ್ಳೋದು ಇದ್ರೆ ಕಾಯದೇ ಆಸ್ಪತ್ರೆಗೆ ಹೊರಡಿ.

ಈಗ ಆಪ್ ವಿಷಯ. ರೀಡಿಂಗ್ ಎಲ್ಲಾ ಗ್ರಾಫ್ ಆಗಿ ಬರುತ್ತೆ, ಫೈಲ್ ಮಾಡಿ ಕಳಿಸಬಹುದು, ಅಷ್ಟು ಚೆನ್ನಾಗಿದೆ. ಈ ಕೆಲಸ ಮಗನಿಗೆ ಒಪ್ಪಿಸಿದ್ದೀನಿ. ಅವನು ಓದು ಮುಗಿಸಿ ಬೇರೆ ಊರಲ್ಲಿ ಸಣ್ಣ ಸಂಬಳಕ್ಕೆ ಸೇರಿದಾನೆ, ಬಾಡಿಗೆಗೆ ಇನ್ನೂ ನಾನೇ ಸ್ವಲ್ಪ ಕಳಿಸ್ತೀನಿ, ಅಜ್ಜಿ ತಾತನ ಖರ್ಚಿಗೆ ಅವನಿಂದ ಏನೂ ಕೊಡೋಕಾಗಲ್ಲ ಅಂತ ಅವನಿಗೆ ಒಳಗೇ ಬೇಜಾರಿತ್ತು. ಈಗ ರೀಡಿಂಗ್ ನೋಡೋದು, ಸರಾಸರಿ ಹಾಕೋದು, ಡಾಕ್ಟ್ರಿಗೆ ಕೇಳಬೇಕಾದ್ದನ್ನ ಬರೆದು ಕಳಿಸೋದು ಎಲ್ಲಾ ಅವನದೇ, ಒಂದು ದಿನ ತಪ್ಪಿದ್ರೆ ತಾತನಿಗೆ ನೇರ ಫೋನ್ ಮಾಡ್ತಾನೆ. ನಾನು ಹತ್ತು ಸಲ ಹೇಳಿದ್ರೂ ಕೂರದ ಅಪ್ಪ ಮೊಮ್ಮಗ ಹೇಳಿದ್ರೆ ಕೂರ್ತಾರೆ. ಬೆಳೆದ ಮಕ್ಕಳಿಗೆ ದುಡ್ಡು ಕೊಡ್ತಾ ಇರೋ ಅಪ್ಪ ಅಮ್ಮಂದಿರು ಮನೆಯ ಹಿರಿಯರ ಜವಾಬ್ದಾರಿಯಲ್ಲಿ ಅವರಿಗೂ ಒಂದು ಪಾಲು ಕೊಡಲೇಬೇಕು ಅಂತ ನನಗೆ ತುಂಬಾ ಅನ್ಸುತ್ತೆ, ಅವರ ಹತ್ರ ಹಣ ಇಲ್ದೇ ಇರಬಹುದು, ಕೆಲಸ ಮಾಡೋಕೆ ಏನಡ್ಡಿ.

ಕುಂದು ಇಲ್ಲ ಅಂತಲ್ಲ. ಸ್ಕ್ರೀನ್ ಮೇಲೆ ತಾರೀಕಿನ ಅಕ್ಷರ ಸಣ್ಣದು, ಅಪ್ಪನಿಗೆ ಕಾಣಲ್ಲ. ಫೋನ್ ಪಕ್ಕದಲ್ಲಿದ್ರೆ ಮಾತ್ರ ರೀಡಿಂಗ್ ಹೋಗುತ್ತೆ, ಅದಕ್ಕೇ ಒಂದು ಹಳೇ ಫೋನ್ ಮಷೀನ್ ಹತ್ರಾನೇ ಇಟ್ಟಿದ್ದೀವಿ. ಹೃದಯಬಡಿತ ಏರುಪೇರಾದ್ರೆ ಒಂದು ಗುರುತು ಬರುತ್ತೆ, ಅದು ಕಾಯಿಲೆ ಇದೆ ಅನ್ನೋ ತೀರ್ಮಾನ ಅಲ್ಲ, ಮತ್ತೆಮತ್ತೆ ಬಂದ್ರೆ ಡಾಕ್ಟ್ರಿಗೆ ಹೇಳಬೇಕು ಅಷ್ಟೇ, ಆದ್ರೆ ಆ ಗುರುತು ನೋಡಿ ಅಪ್ಪ ಗಾಬರಿಯಾಗಿ ಒಂದರ ಹಿಂದೆ ಒಂದು ಅಂತ ತಗೊಳ್ತಾ ಹೋಗ್ತಾರೆ, ಗಾಬರಿಗೇ ಬಿಪಿ ಇನ್ನೂ ಏರುತ್ತೆ. ಹಾಗಾಗಿ ಟೈಮ್ ಗೊತ್ತು ಮಾಡಿ, ಅದು ಬಿಟ್ಟು ಬೇರೆ ಹೊತ್ತಲ್ಲಿ ಮಷೀನ್ ಕಬೋರ್ಡಲ್ಲಿ.

ಎಲ್ಲಕ್ಕಿಂತ ನನಗೆ ಬೇಸರ ತಂದಿರೋದು ಇಬ್ಬರಿಗೇ ಮೆಮೊರಿ ಅನ್ನೋದು. ಒಂದು ಅಪ್ಪಂದು, ಎರಡು ಅಮ್ಮಂದು, ಮುಗೀತು. ನನ್ನ ವಯಸ್ಸಲ್ಲೇ ಬಿಪಿ ಶುರುವಾಗೋದು, ಅದೂ ಯಾವ ಲಕ್ಷಣನೂ ತೋರಿಸದೇ, ಇಬ್ಬರಿಗೂ ಪಟ್ಟಿ ಸುತ್ತಿ ಬಿಚ್ಚಿ ಆಮೇಲೆ ಮಗನಿಗೆ ದುಡ್ಡು ಹಾಕಿ ಕೆಲಸಕ್ಕೆ ಓಡೋ ನಮ್ಮಂಥವರು ನಮ್ಮದನ್ನ ನೋಡ್ಕೊಳ್ಳೋದೇ ಇಲ್ಲ, ಮಷೀನ್ ಮಾಡೋವ್ರಾದ್ರೂ ಅದನ್ನ ಯೋಚನೆ ಮಾಡಬೇಕಿತ್ತು. ನಾನು ಗೆಸ್ಟ್ ಮೋಡಲ್ಲಿ ತಗೊಂಡು ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ದೀನಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಇದಕ್ಕೇ. ಮೂರು ಜನರದ್ದು ಇಟ್ಕೊಳ್ಳೋ ಮಾಡೆಲ್ ಸಿಕ್ಕಿದ್ರೆ ಸ್ವಲ್ಪ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ, ಮೂರನೇದಕ್ಕೆ ನಿಮ್ಮ ಹೆಸರು ಹಾಕಿ.