ಡಿಜಿಲಾಕರ್ ಸಾಕಾ, ಕಾರ್ಡೂ ಬೇಕಾ?

ಡಿಜಿಲಾಕರ್ ಅಂದರೆ ದಾಖಲೆಗಳನ್ನು ಫೋನ್‌ನಲ್ಲೇ ತೋರಿಸುವ ಸರ್ಕಾರಿ ಆ್ಯಪ್. ಡಿಎಲ್, ಆರ್‌ಸಿ ಮಟ್ಟಿಗೆ ನಾನು ಅದರ ಕಡೆಗೇ. ಖರ್ಚಿಲ್ಲ, ಮಳೆಯಲ್ಲಿ ನೆನೆಯುವುದಿಲ್ಲ, ಪರ್ಸ್ ಕಳೆದರೂ ಚಿಂತೆಯಿಲ್ಲ. ಇದನ್ನು ಅಸಲಿ ದಾಖಲೆಯಂತೆಯೇ ಒಪ್ಪಬೇಕು ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ಹೇಳಿದೆ. ಆದರೆ ಗ್ಯಾಲರಿಯಲ್ಲಿರುವ ಫೋಟೋ ಲೆಕ್ಕಕ್ಕಿಲ್ಲ, ಆ್ಯಪ್‌ನಲ್ಲೇ ತೆಗೆದು ತೋರಿಸಬೇಕು.

ತೊಂದರೆ ಇರುವುದು ನೆಟ್‌ವರ್ಕ್‌ನದ್ದು. ಆಗುಂಬೆ ಹತ್ತಿರ ಪೊಲೀಸರು ಗಾಡಿ ನಿಲ್ಲಿಸಿದಾಗ ಆ್ಯಪ್ ಸುಮ್ನೆ ಸುತ್ತುತ್ತಲೇ ಇತ್ತು, ಪರ್ಸಿನಲ್ಲಿದ್ದ ಕಾರ್ಡೇ ಕಾಪಾಡಿತು. ಘಟ್ಟದ ಕಡೆ ಓಡಾಟ ಜಾಸ್ತಿ ಇದ್ದರೆ ಎರಡೂ ಇರಲಿ, ಸಿಟಿಯಲ್ಲಾದರೆ ಫೋನ್ ಸಾಕು.

ಲಾಡ್ಜ್‌ನಲ್ಲಿ ಪೂರ್ತಿ ಆಧಾರ್ ಜೆರಾಕ್ಸ್ ಕೊಡಲೇಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ನಿಮ್ಮ ಅಮ್ಮನಿಗೂ ಡಿಜಿಲಾಕರ್ ಸಾಕಾ ಅಂತೀರಾ? ಆಧಾರ್‌ಗೆ ಅವರ ಮೊಬೈಲ್ ನಂಬರ್ ಜೋಡಣೆ ಆಗಿಲ್ಲದಿದ್ದರೆ ಒಟಿಪಿಯೇ ಬರುವುದಿಲ್ಲ ಅಲ್ವಾ, ಸದ್ಯಕ್ಕೆ ಆಧಾರ್‌ನ ಪಿವಿಸಿ (ಪ್ಲಾಸ್ಟಿಕ್) ಕಾರ್ಡೇ ಇರಲಿ.