ಬಹು ಆಯ್ಕೆಯೋ, ಲಿಖಿತವೋ, ಮೌಖಿಕವೋ: ಯಾವ ಪರೀಕ್ಷೆ ಕೊಡೋಣ?

ಭಿನ್ನರಾಶಿ ಪಾಠ ಮುಗಿಯಿತು, ಈಗ ಯಾವ ಬಗೆಯ ಪರೀಕ್ಷೆ? ಮಕ್ಕಳು ಜಾಸ್ತಿ, ಸಮಯ ಕಡಿಮೆ ಅಂದರೆ ಬಹು ಆಯ್ಕೆಯೇ ಸಲೀಸು. ತಿದ್ದೋದು ಬೇಗ. ಆದರೆ ನಾಲ್ಕು ಆಯ್ಕೆ ಕೊಟ್ಟರೆ, ಸುಮ್ನೆ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ 20ಕ್ಕೆ ಸರಾಸರಿ 5 ಅಂಕ ಸಿಗುತ್ತದೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ನಮ್ಮ ಸಿಇಟಿಯಲ್ಲಿ ಆ ಕಾಟ ಇಲ್ಲ.

ಇಲ್ಲಿ ಜಾಣತನ ಬೇಕಿರುವುದು ತಪ್ಪು ಆಯ್ಕೆಗಳನ್ನು ಬರೆಯುವಾಗ. 1/2 + 1/3 ಎಷ್ಟು ಎಂದು ಕೇಳಿ, 5/6ರ ಪಕ್ಕ 2/5 ಕೂಡ ಇಡಿ. ಅದನ್ನು ಆರಿಸಿದ ಮಗು ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರಬೇಕು. ಮತ್ತೆ ಏನು ಹೇಳಿಕೊಡಬೇಕು ಅಂತ ಅಲ್ಲೇ ಗೊತ್ತಾಯಿತು. ಬಾಯಿಗೆ ಬಂದ 7/9 ಇಟ್ಟರೆ ಏನೂ ತಿಳಿಯದು.

ಲಿಖಿತ ಉತ್ತರದಲ್ಲಿ ಪ್ರತಿ ಹೆಜ್ಜೆಯೂ ಕಾಣುತ್ತದೆ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಸರಿ ತೆಗೆದು ಕೂಡುವಾಗ ಎಡವಿದವರಿಗೆ ಅರ್ಧ ಅಂಕವಾದರೂ ಕೊಡಬಹುದು. ತಿದ್ದೋದು ಮಾತ್ರ ಸುಸ್ತು. ಯಾವ ಹಂತಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ನಲವತ್ತನೇ ಉತ್ತರ ಪತ್ರಿಕೆ ಹೊತ್ತಿಗೆ ಅಂಕ ಕೊಡುವ ಕೈ ಬಿಗಿಯಾಗುತ್ತದೆ.

ಮೌಖಿಕ ಪರೀಕ್ಷೆ ಓದು, ಉಚ್ಚಾರಣೆಗೆ ಸರಿ. ಲೆಕ್ಕಕ್ಕೆ ನಾನಂತೂ ಆರಿಸಲ್ಲ. ನಾಚಿಕೆಯ ಮಕ್ಕಳು ಗೊತ್ತಿದ್ದೂ ಬಾಯಿ ಬಿಡಲ್ಲ, ಅಲ್ವಾ? ಪಾಠದ ನಡುವೆ ಐದೇ ಬಹು ಆಯ್ಕೆ ಪ್ರಶ್ನೆ, ವರ್ಷದ ಕೊನೆಗೆ ಲಿಖಿತ. ನನ್ನ ಆಯ್ಕೆ ಇದು.