ಎರಡು ಇನ್ವರ್ಟರ್ ಜೋಡಿಯೋ, ಒಂದೇ ಡಬ್ಬವೋ? ಕಂಬವಿಲ್ಲದ ಮನೆಯಲ್ಲಿ 120/240 ವೋಲ್ಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಒಂದೇ ಡಬ್ಬಕ್ಕೆ. ಅಂದರೆ 120 ಮತ್ತು 240 ವೋಲ್ಟ್ ಎರಡನ್ನೂ ತಾನೇ ಕೊಡುವ ಸ್ಪ್ಲಿಟ್ ಫೇಸ್ ಇನ್ವರ್ಟರ್‌ಗೆ. 120 ವೋಲ್ಟಿನ ಎರಡು ಇನ್ವರ್ಟರ್ ಜೋಡಿ ಮಾಡಿ ಓಡಿಸಿದ್ದೇನೆ. 240 ವೋಲ್ಟಿನ ಒಂದು ಇನ್ವರ್ಟರ್‌ಗೆ, ಆ 240 ಅನ್ನು ಎರಡು 120 ಆಗಿ ಒಡೆಯುವ ಆಟೋಟ್ರಾನ್ಸ್‌ಫಾರ್ಮರ್ ಕಟ್ಟಿಯೂ ನೋಡಿದ್ದೇನೆ. ಈಗ ಗೋಡೆ ಮೇಲೆ ಉಳಿದಿರುವುದು ಒಂದೇ ಡಬ್ಬ.

ಜಾಗ ಅರಿಜೋನಾದ ಉತ್ತರ ಭಾಗ, ಸುಮಾರು 6000 ಅಡಿ ಎತ್ತರ. ಲೈನ್ ಎಳೆಸುವ ಖರ್ಚು ಕೇಳಿದ ಮೇಲೆ ಕಂಬದ ಆಸೆ ಬಿಟ್ಟೆವು, ಸೋಲಾರ್ ಪ್ಯಾನೆಲ್ಲೂ ಬ್ಯಾಟರಿಯೂ ನಮಗೆ ಗತಿ. ಬೋರ್‌ವೆಲ್‌ಗೆ 240 ವೋಲ್ಟಿನ 1 ಎಚ್‌ಪಿ ಮೋಟರ್, ಜೊತೆಗೆ ಫ್ರಿಜ್, ಮೈಕ್ರೋವೇವ್, ಊರಿಂದ ತಂದ ಮಿಕ್ಸಿ. ಇಷ್ಟೇ ನಮ್ಮ ಲೋಡ್.

ಊರಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಬರುತ್ತದೆ, ಕಥೆ ಮುಗಿಯಿತು. ಅಮೆರಿಕದಲ್ಲಿ ಹಾಗಲ್ಲ. ಬೀದಿಯ ಟ್ರಾನ್ಸ್‌ಫಾರ್ಮರ್‌ನ 240 ವೋಲ್ಟಿನ ಸುರುಳಿಗೆ ನಡುಮಧ್ಯದಲ್ಲಿ ತಂತಿ ತೆಗೆದು ಅದನ್ನೇ ನ್ಯೂಟ್ರಲ್ ಮಾಡುತ್ತಾರೆ. ಎರಡು ತುದಿಗಳಿಂದ ಎರಡು ಲೈನ್. ಯಾವುದೇ ಲೈನ್‌ನಿಂದ ನ್ಯೂಟ್ರಲ್‌ಗೆ 120, ಲೈನ್‌ನಿಂದ ಲೈನ್‌ಗೆ 240. ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತಿರುತ್ತದೆ, 180 ಡಿಗ್ರಿ ವ್ಯತ್ಯಾಸ. ಜೋಡಿ ಇನ್ವರ್ಟರ್ ಮಾಡಬೇಕಾದ್ದು ಇದನ್ನೇ. ಎರಡೂ ಸಂವಹನದ ಒಂದು ಕೇಬಲ್ ಹಿಡಿದುಕೊಂಡು, ತಾಳ ತಪ್ಪದೆ ಒಂದಕ್ಕೊಂದು ವಿರುದ್ಧವಾಗಿ ನಡೆಯಬೇಕು.

ಹಾಗೆ ನಡೆಯುತ್ತಿವೆಯೋ ಇಲ್ಲವೋ ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಲೈನ್‌ನಿಂದ ಲೈನ್‌ಗೆ ಇಟ್ಟಾಗ 240 ಬಂದರೆ ಸರಿ. ಸೊನ್ನೆ ಬಂದರೆ ಎರಡೂ ಒಂದೇ ಫೇಸ್‌ನಲ್ಲಿವೆ. ಆಗ ಮೋಟರ್ ಓಡುವುದಿಲ್ಲ ಅನ್ನುವುದು ಸಣ್ಣ ತೊಂದರೆ. ಎರಡು ಲೈನ್‌ಗೂ ಒಂದೇ ನ್ಯೂಟ್ರಲ್ ಇರುವ ವೈರಿಂಗ್‌ನಲ್ಲಿ ಎರಡೂ ಕಡೆಯ ಕರೆಂಟ್ ಕಳೆಯುವ ಬದಲು ಕೂಡಿಕೊಂಡು ಆ ತಂತಿ ಸುಡುವ ಮಟ್ಟಕ್ಕೆ ಹೋಗಬಹುದು, ಅದು ದೊಡ್ಡದು. 208 ಬಂದರೆ ಸೆಟ್ಟಿಂಗ್‌ನಲ್ಲಿ 180ರ ಬದಲು 120 ಡಿಗ್ರಿ ಕೂತಿದೆ, ಅಂದರೆ ತ್ರೀ ಫೇಸ್‌ನ ಲೆಕ್ಕ. ಬಲ್ಬು, ಫ್ರಿಜ್‌ಗೆ ಇದು ಗೊತ್ತೇ ಆಗುವುದಿಲ್ಲ, ಅವಕ್ಕೆ 120 ಸಿಗುತ್ತಲೇ ಇರುತ್ತದೆ. ಮೋಟರ್ ಮಾತ್ರ ಮುಲುಗುತ್ತದೆ.

ನಮ್ಮಲ್ಲಿ ಸೆಟ್ಟಿಂಗ್ ಸರಿಯಾಗೇ ಇತ್ತು. ಮೀಟರ್ 240 ತೋರಿಸುತ್ತಿತ್ತು. ಆದರೂ ಸಂಜೆ ಟ್ಯಾಂಕ್ ತುಂಬಿಸಲು ಮೋಟರ್ ಹಾಕಿದರೆ ಮನೆಯೆಲ್ಲ ಕತ್ತಲು. ಒಳಗಿಂದ ಹೆಂಡತಿ, "ರೀ, ಮತ್ತೆ ಹೋಯ್ತು!" ಸ್ಕ್ರೀನ್ ಮೇಲೆ 83 ಅನ್ನುವ ಕೋಡ್. ನಮ್ಮ ಇನ್ವರ್ಟರ್‌ನ ಪುಸ್ತಕದಲ್ಲಿ ಅದರ ಅರ್ಥ, ಎರಡು ಯಂತ್ರಗಳಿಗೆ ಕಾಣುವ ಬ್ಯಾಟರಿ ವೋಲ್ಟೇಜ್ ಬೇರೆ ಬೇರೆ. ಇರುವುದೇ ಒಂದು ಬ್ಯಾಟರಿ, ಬೇರೆ ಬೇರೆ ಹೇಗೆ ಕಾಣುತ್ತದೆ? ಮಾರಿದವರಿಗೆ ಫೋನ್ ಮಾಡಿದರೆ ಪ್ರತಿ ಸಲವೂ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅನ್ನುವ ಉತ್ತರ. ಮಾಡಿದೆ. ಸಂವಹನದ ಕೇಬಲ್ ಬದಲಿಸಿದೆ. ಬೆಳಗ್ಗೆ ಮೋಟರ್ ಸರಿಯಾಗಿ ಓಡುತ್ತಿತ್ತು, ಸಂಜೆ ಮತ್ತೆ ಅದೇ ಹಾಡು.

ಫೀನಿಕ್ಸ್‌ನಲ್ಲಿ ಹಾಸನದ ಕಡೆಯ ಗೆಳೆಯನೊಬ್ಬನಿದ್ದಾನೆ, ಎಲೆಕ್ಟ್ರಿಕಲ್ ಎಂಜಿನಿಯರ್. ಫೋನಿನಲ್ಲೇ ಹೇಳಿದ, "ಗುರು, ವೋಲ್ಟ್ ನೋಡಿದ್ದು ಸಾಕು, ಮಿಲಿವೋಲ್ಟ್ ನೋಡು." ಮೀಟರ್ ಅನ್ನು ಬ್ಯಾಟರಿಯ ಪ್ಲಸ್‌ಗೂ ಮೈನಸ್‌ಗೂ ಇಡುವ ಬದಲು, ಒಂದೊಂದು ಜಾಯಿಂಟ್‌ನ ಈಚೆಗೂ ಆಚೆಗೂ ಇಡಬೇಕು. ಲೋಡ್ ಇರುವಾಗಲೇ. ಒಂದೊಂದು ಲೈನ್‌ಗೆ 1500 ವ್ಯಾಟಿನ ಎರಡೆರಡು ಹೀಟರ್ ಹಾಕಿದೆ. ಆಗ ಒಂದೊಂದು ಇನ್ವರ್ಟರ್ ಬ್ಯಾಟರಿಯಿಂದ ಸುಮಾರು 65 ಆಂಪ್ ಎಳೆಯುತ್ತದೆ. ಮೊದಲ ಇನ್ವರ್ಟರ್‌ನ ಜಾಯಿಂಟ್‌ಗಳಲ್ಲಿ 3, 4 ಮಿಲಿವೋಲ್ಟ್. ಎರಡನೆಯದರ ಪ್ಲಸ್ ಕೇಬಲ್ ಬಸ್‌ಬಾರ್‌ಗೆ, ಅಂದರೆ ಕೇಬಲ್‌ಗಳೆಲ್ಲ ಕೂಡುವ ತಾಮ್ರದ ಪಟ್ಟಿಗೆ, ಸೇರುವ ಕಡೆ 390!

ಬೋಲ್ಟ್ ಬಿಚ್ಚಿದೆ. ಹಾಕಿಕೊಟ್ಟವನು ಸ್ಟೀಲ್ ವಾಷರ್ ಅನ್ನು ಕೇಬಲ್ ತುದಿಯ ತಾಮ್ರದ ಲಗ್‌ಗೂ ಬಸ್‌ಬಾರ್‌ಗೂ ನಡುವೆ ಇಟ್ಟು ಬಿಗಿದಿದ್ದ. ವಾಷರ್ ಇರಬೇಕಾದ್ದು ಲಗ್‌ನ ಮೇಲೆ, ನಟ್‌ನ ಕೆಳಗೆ. ಲಗ್‌ನ ತಾಮ್ರ ನೇರವಾಗಿ ಬಸ್‌ಬಾರ್‌ನ ತಾಮ್ರಕ್ಕೆ ಅಂಟಿಕೊಂಡಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ತಾಮ್ರಕ್ಕಿಂತ ಸುಮಾರು 40 ಪಟ್ಟು ಜಾಸ್ತಿ ಕರೆಂಟ್ ತಡೆಯುತ್ತದೆ. ಸಾಲದ್ದಕ್ಕೆ ಎರಡು ಕಡೆ ಒರಟು ಮೈ. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಲೆಕ್ಕ ಹಾಕಿದರೆ 6 ಮಿಲಿಓಂ, ಆ ಚುಕ್ಕಿಯಲ್ಲೇ 25 ವ್ಯಾಟ್ ಬಿಸಿ.

1 ಎಚ್‌ಪಿ ಮೋಟರ್ ಓಡುವಾಗ 8ರಿಂದ 10 ಆಂಪ್ ತಿನ್ನುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಆಗ ಒಂದೊಂದು ಬ್ಯಾಟರಿ ಕೇಬಲ್‌ನಲ್ಲಿ ನೂರು ಆಂಪ್ ಹತ್ತಿರ ಹರಿಯುತ್ತದೆ, ಆ ವಾಷರ್ ಮೇಲೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಳೆದುಹೋಗುತ್ತದೆ. ಎರಡನೇ ಇನ್ವರ್ಟರ್‌ಗೆ ಕಾಣುವ ಬ್ಯಾಟರಿಯೇ ಬೇರೆ! ಬೆಳಗ್ಗೆ ತೊಂದರೆ ಇರಲಿಲ್ಲ ಯಾಕೆ ಅಂದರೆ, ಬಿಸಿಲಿದ್ದಾಗ ಪ್ಯಾನೆಲ್‌ಗಳೇ ಹೆಚ್ಚಿನ ಲೋಡ್ ಹೊರುತ್ತವೆ, ಬ್ಯಾಟರಿ ಕೇಬಲ್‌ನಲ್ಲಿ ಅಷ್ಟು ಕರೆಂಟ್ ಇರುವುದಿಲ್ಲ. ವಾಷರ್ ತೆಗೆದು, ಲಗ್ ಉಜ್ಜಿ, ಟಾರ್ಕ್ ಪಾನಾದಿಂದ ಬಿಗಿದ ಮೇಲೆ 83 ಮತ್ತೆ ಕಾಣಿಸಲಿಲ್ಲ. ಎರಡು ಕೇಬಲ್‌ಗಳ ಉದ್ದ ಒಂದೇ ಇರಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಬರೆಯುವುದೂ ಇದೇ ಕಾರಣಕ್ಕೆ.

ಇಷ್ಟಾದ ಮೇಲೂ ಜೋಡಿ ಬಿಟ್ಟದ್ದು ಯಾಕೆ? ಒಂದರ ಬೋರ್ಡ್ ಸುಟ್ಟಿತು. ಬದಲಿಗೆ ಬಂದದ್ದರಲ್ಲಿ ಹೊಸ ಫರ್ಮ್‌ವೇರ್, ಹಳೆಯದರಲ್ಲಿ ಹಳೆಯದು, ಎರಡೂ ಮಾತಾಡಲೊಲ್ಲವು. ಹೊಂದಿಸುವ ಹೊತ್ತಿಗೆ ಸಾಕುಬೇಕಾಯಿತು. ಸ್ಪ್ಲಿಟ್ ಫೇಸ್ ಜೋಡಿಯಲ್ಲಿ ಒಂದು ಮಲಗಿದರೆ ಇನ್ನೊಂದೂ ಮಲಗುತ್ತದೆ ಅನ್ನುವುದು ನೆನಪಿರಲಿ. ಆದರೆ ಸತ್ಯ ಹೇಳಬೇಕಲ್ವಾ, ಉಳಿದದ್ದನ್ನು ಒಂಟಿಗೆ ಅಂತ ಸೆಟ್ ಮಾಡಿದಾಗ ಫ್ರಿಜ್ಜೂ ದೀಪವೂ ಓಡಿದವು, ನೀರೆತ್ತುವ ಮೋಟರ್ ಮಾತ್ರ ಇಲ್ಲ. ಒಂದೇ ಡಬ್ಬ ಕೆಟ್ಟರೆ ಆ ಸೌಕರ್ಯವೂ ಇಲ್ಲ.

ಇನ್ನೊಂದು, ಸುಮ್ನೆ ಕೂತಾಗಿನ ತಿನ್ನುವಿಕೆ. ನಮ್ಮ ಜೋಡಿ ಏನೂ ಲೋಡ್ ಇಲ್ಲದೆಯೂ 130 ವ್ಯಾಟ್ ಎಳೆಯುತ್ತಿತ್ತು, ದಿನಕ್ಕೆ 3 ಯೂನಿಟ್. ಹಿಮ ಬಿದ್ದು ಪ್ಯಾನೆಲ್ ಮುಚ್ಚಿಹೋದ ದಿನ ಈ 3 ಯೂನಿಟ್ ಕಣ್ಣಿಗೆ ಚುಚ್ಚುತ್ತದೆ.

ಆಟೋಟ್ರಾನ್ಸ್‌ಫಾರ್ಮರ್ ಆ ಗೆಳೆಯನದೇ. 240 ವೋಲ್ಟ್, 60 ಹರ್ಟ್ಸ್‌ಗೆ ಸೆಟ್ ಮಾಡಿದ ಒಂದು ಇನ್ವರ್ಟರ್, ಅದರ ಮುಂದೆ ಈ ಸುರುಳಿ, ನಡುಮಧ್ಯದಿಂದ ನ್ಯೂಟ್ರಲ್. ಬೀದಿಯ ಟ್ರಾನ್ಸ್‌ಫಾರ್ಮರ್ ಮಾಡುವ ಕೆಲಸವೇ, ಮನೆಯೊಳಗೆ. ಯೋಚನೆ ಚೆನ್ನಾಗಿದೆ, ಅಗ್ಗ ಕೂಡ. ಆದರೆ ಎರಡು ಕಡೆ ಎಚ್ಚರ ಬೇಕು. 230 ವೋಲ್ಟಿನ ಊರುಗಳಿಗೆ ಮಾಡಿದ ಎಷ್ಟೋ ಇನ್ವರ್ಟರ್‌ಗಳು ಬ್ಯಾಟರಿ ಮೇಲೆ ಓಡುವಾಗ ತಮ್ಮ ನ್ಯೂಟ್ರಲ್ ಅನ್ನು ಒಳಗಿನ ರಿಲೇಯಿಂದ (ತಾನಾಗಿ ಬೀಳುವ ಸ್ವಿಚ್) ಅರ್ಥ್‌ಗೆ ಸೇರಿಸುತ್ತವೆ. ಇಲ್ಲಿ ಆ ತಂತಿ ನ್ಯೂಟ್ರಲ್ ಅಲ್ಲ, ಒಂದು ಲೈನ್. ಮನೆಯ ನ್ಯೂಟ್ರಲ್ ಆಗಲೇ ಅರ್ಥ್ ಆಗಿದೆ. ಎರಡೂ ಸೇರಿದರೆ ಅರ್ಧ ಸುರುಳಿ ಶಾರ್ಟ್. ಹಾಗಾಗಿ ಆ ರಿಲೇ ಕೆಲಸ ಮಾಡದಂತೆ ಮೊದಲೇ ನಿಲ್ಲಿಸಬೇಕು. ಎರಡನೆಯದು, ಆಟೋಟ್ರಾನ್ಸ್‌ಫಾರ್ಮರ್ ಒಂದೇ ಟ್ರಿಪ್ ಆಗಿ ಲೋಡ್ ಹಾಗೇ ಉಳಿದರೆ ನ್ಯೂಟ್ರಲ್ ಕಟ್ಟಾದಂತೆ. ಕಡಿಮೆ ಲೋಡ್ ಇರುವ ಲೈನ್‌ನಲ್ಲಿ ವೋಲ್ಟೇಜ್ 120 ದಾಟಿ ಏರುತ್ತದೆ. ಊರಲ್ಲಿ ಕಂಬದ ನ್ಯೂಟ್ರಲ್ ಕಟ್ಟಾಗಿ ಬೀದಿಯ ಟಿವಿಗಳೆಲ್ಲ ಸುಟ್ಟದ್ದು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅದು ಬಿದ್ದರೆ ಲೋಡ್ ಕೂಡ ಜೊತೆಗೇ ಬೀಳುವಂತೆ ಬ್ರೇಕರ್ ಕಟ್ಟಬೇಕು. ಕಟ್ಟಿದೆವು, ಓಡಿತು. ನಾನಿಲ್ಲದಾಗ ಮನೆಯವರು ನಿಭಾಯಿಸುವಂಥದ್ದಲ್ಲ ಅನ್ನಿಸಿ ವಾಪಸ್ ಕೊಟ್ಟೆ.

ಈಗಿನದು ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಒಳಗೇ ಇರುವ ಜಾತಿ, ಸೆಕೆಂಡ್ ಹ್ಯಾಂಡ್. ಶ್ನೈಡರ್‌ನ ಎಕ್ಸ್‌ಡಬ್ಲ್ಯೂ ಪ್ರೊ, ಔಟ್‌ಬ್ಯಾಕ್‌ನ ರೇಡಿಯನ್ ಈ ಸಾಲಿನವು. 50 ಕಿಲೋ ದಾಟುತ್ತದೆ, ಇಬ್ಬರು ಎತ್ತಬೇಕು. ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಸೋಲಾರ್ ಚಾರ್ಜ್ ಕಂಟ್ರೋಲರ್ ಬೇರೆಯೇ ಕೊಳ್ಳಬೇಕು, ಅದು ಜೇಬಿಗೆ ಬಿತ್ತು. ಆದರೆ ಮೋಟರ್ ಶುರುವಾದಾಗ ದೀಪ ಮಿಣುಕುವುದೂ ಇಲ್ಲ. ಸುಮ್ನೆ ಇರುವಾಗ ಜೋಡಿಯ ಅರ್ಧದಷ್ಟೂ ತಿನ್ನುವುದಿಲ್ಲ. ಫೇಸ್ ಸೆಟ್ಟಿಂಗ್ ಅನ್ನುವುದೇ ಇಲ್ಲ, ತಪ್ಪಲು ಕೇಬಲ್ಲೂ ಇಲ್ಲ. ಗುಂಯ್ ಅನ್ನುತ್ತದೆ, ಅದಕ್ಕೇ ಶೆಡ್‌ನಲ್ಲಿಟ್ಟಿದ್ದೇನೆ.

ಕೊಳ್ಳುವಾಗ ಹೆಸರು ನೋಡಿ ಮೋಸಹೋಗಬೇಡಿ. ವಿಕ್ಟ್ರಾನ್‌ನ ಮಲ್ಟಿಪ್ಲಸ್ 2 ಮಾದರಿಯಲ್ಲಿ 2x120 ವೋಲ್ಟ್ ಅಂತ ಒಂದಿದೆ. ಹೊರಗಿಂದ ಸ್ಪ್ಲಿಟ್ ಫೇಸ್ ಕೊಟ್ಟರೆ ಅದನ್ನು ಹಾಗೇ ದಾಟಿಸುತ್ತದೆ. ಬ್ಯಾಟರಿ ಮೇಲೆ ಓಡುವಾಗ ಎರಡೂ ಲೈನ್ ಒಂದೇ ಫೇಸ್, 240 ಬರುವುದಿಲ್ಲ. ಕ್ಯಾಂಪರ್ ವಾಹನಕ್ಕೆ ಚೆನ್ನಾಗಿದೆ, ಬೋರ್‌ವೆಲ್‌ಗಲ್ಲ.

ಮಿಕ್ಸಿ ವಿಚಾರ ಕೇಳುವವರು ಬಹಳ. ಊರಿನ 230 ವೋಲ್ಟಿನ ಮಿಕ್ಸಿ ಎರಡು ಲೈನ್‌ಗಳ ನಡುವೆ, 240ರ ಸಾಕೆಟ್‌ನಲ್ಲಿ, ಓಡುತ್ತದೆ. ಬ್ರಷ್ ಇರುವ ಮೋಟರ್, 60 ಹರ್ಟ್ಸ್‌ಗೆ ತಲೆಕೆಡಿಸಿಕೊಳ್ಳುವುದಿಲ್ಲ. ವೆಟ್ ಗ್ರೈಂಡರ್‌ನ ಇಂಡಕ್ಷನ್ ಮೋಟರ್ ಮಾತ್ರ ಐದನೇ ಒಂದು ಭಾಗ ಜಾಸ್ತಿ ಜೋರಾಗಿ ತಿರುಗುತ್ತದೆ. ಇಲ್ಲಿ ಎರಡೂ ತಂತಿಯಲ್ಲಿ ಕರೆಂಟ್ ಇರುವುದರಿಂದ ಸ್ವಿಚ್ ಆಫ್ ಮಾಡಿದರೆ ಸಾಲದು. ಜಾರ್ ತೊಳೆದು ಬುಡ ಒರೆಸುವ ಮೊದಲು ಪ್ಲಗ್ ಕಿತ್ತುಬಿಡಿ.

ಮೋಟರ್ ಇಲ್ಲದ, ಬರೀ 120ರಲ್ಲೇ ನಡೆಯುವ ಮನೆಯಾದರೆ ಈ ಮೂರೂ ಬೇಡ, ಒಂಟಿ 120 ಇನ್ವರ್ಟರ್ ಸಾಕು. ಜೋಡಿ ಆಗಲೇ ಮನೆಯಲ್ಲಿದ್ದರೆ ಮಾರಬೇಡಿ, ಸೆಕೆಂಡ್ ಹ್ಯಾಂಡ್‌ಗೆ ಅರ್ಧ ಬೆಲೆಯೂ ಬರುವುದಿಲ್ಲ. ಜಾಯಿಂಟ್‌ಗಳ ಮಿಲಿವೋಲ್ಟ್ ಅಳೆಯಿರಿ, ನ್ಯೂಟ್ರಲ್ಲೂ ಅರ್ಥೂ ಮನೆಯಲ್ಲಿ ಒಂದೇ ಕಡೆ ಸೇರಿವೆಯೇ ನೋಡಿ, ಎರಡರ ಫರ್ಮ್‌ವೇರ್ ನಂಬರ್ ಒಂದೇ ಇದೆಯೇ ಬರೆದಿಟ್ಟುಕೊಳ್ಳಿ. ಹೊಸದಾಗಿ ದುಡ್ಡು ಹಾಕುವವರು, ನನ್ನ ಹಾಗೆ ವಾರಗಟ್ಟಲೆ ಮನೆ ಬಿಟ್ಟು ಹೋಗುವವರು, ಒಂದೇ ಡಬ್ಬ ತನ್ನಿ. ಅದು ಕೆಟ್ಟ ದಿನಕ್ಕೆ ಫ್ರಿಜ್ ಓಡಿಸುವಷ್ಟು ಒಂದು ಸಣ್ಣ 120 ಇನ್ವರ್ಟರ್ ಕಪಾಟಿನಲ್ಲಿರಲಿ.